ಕಡಲ ಪ್ರವಾಸವೂ ಕಾವ್ಯದ ದೂರವೂ

ಮಹಾಕಾವ್ಯದಲ್ಲಿರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ನಗರದ ಮಗ್ಗುಲಲ್ಲಿಯೇ ಸಮುದ್ರವನ್ನು ಇಟ್ಟಿದ್ದಾನೆ. ಲಾಕ್ಷಣಿಕನ ಮಾತಿಗೆ ಮಣಿದು, ಕಡಲನ್ನು ಕಣ್ಣಾರ ಕಾಣದ ಕವಿಗಳೂ ಅದನ್ನು ವರ್ಣಿಸತೊಡಗಿದರು. ಇಂದಿನ ಸ್ಥಿತಿಯು ಇದಕ್ಕೆ ವಿಪರೀತವಾದುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ತರುಣರು ಗೆಳೆಯರೊಡಗೂಡಿ ಘಟ್ಟವನ್ನಿಳಿದು, ಮಲ್ಪೆಯಲ್ಲಿಯೋ ಮುರುಡೇಶ್ವರದಲ್ಲಿಯೋ ಒಂದು ಹಗಲನ್ನು ಕಳೆದು, ಆ ಸಂಜೆಯೇ ಕೈಯಲ್ಲಿರುವ ಫೋನಿನಲ್ಲಿ ಪ್ರವಾಸಲೇಖನವನ್ನು ಬರೆದು ಮುಗಿಸುತ್ತಾರೆ. ಅವರು ಕಡಲನ್ನು ಕಂಡುದು ನಿಜ. ಬರೆಹದಲ್ಲಿ ಮಾತ್ರ ಅದು ಕಾಣುವುದಿಲ್ಲ. ಅಲೆಗಳ ಗರ್ಜನೆ, ಸೂರ್ಯಾಸ್ತದ ಕೆಂಪು, ವರ್ಣನಾತೀತವಾದ ಆನಂದ: ಊರಿನ ಹೆಸರನ್ನು ಬದಲಿಸಿದರೆ ಒಬ್ಬರ ಲೇಖನವು ಮತ್ತೊಬ್ಬರದಾಗುವುದು. ಕಾಣದೆ ಬರೆದವರಿಗೂ ಕಂಡು ಬರೆದವರಿಗೂ ಒಂದೇ ದೋಷವು ಹೇಗೆ ಒದಗಿತೆಂಬುದು ವಿಚಾರಾರ್ಹವಾದ ಸಂಗತಿ.

ಇದಕ್ಕೆ ಉತ್ತರವು ನಮ್ಮ ಕನ್ನಡ ಕರಾವಳಿಯಲ್ಲಿಯೇ ದೊರೆಯುತ್ತದೆ. 1883ರಲ್ಲಿ ಇಪ್ಪತ್ತೆರಡರ ಪ್ರಾಯದ ರವೀಂದ್ರನಾಥ ಠಾಕೂರರು, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದಿದ್ದರು. ಒಂದು ಬೆಳುದಿಂಗಳ ರಾತ್ರಿ ಜೊತೆಯವರೊಡನೆ ದೋಣಿಯೇರಿ ಕಾಳೀನದಿಯಲ್ಲಿ ಮೇಲಕ್ಕೆ ಸಾಗಿ, ಹಳೆಯ ಗಿರಿದುರ್ಗವೊಂದರ ಬುಡದಲ್ಲಿ ಇಳಿದು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕುಳಿತು, ತಾವು ತಂದ ಬುತ್ತಿಯನ್ನು ಉಂಡರು. ಹಿಂದಿರುಗುವಾಗ ಅಳಿವೆಯ ಬಳಿ ದೋಣಿಯನ್ನು ಬಿಟ್ಟು, ಗಾಳಿಮರಗಳೂ ನಿಶ್ಚಲವಾಗಿದ್ದ ಆ ಹೊತ್ತಿನಲ್ಲಿ, ಮರಳ ಮೇಲೆ ನಡೆದೇ ಮನೆಯನ್ನು ಸೇರಿದರು. ಆ ರಾತ್ರಿಯೇ ಅವರು ಒಂದು ಕವಿತೆಯನ್ನು ಬರೆದರು. ಸುಮಾರು ಮೂವತ್ತು ವರ್ಷಗಳು ಕಳೆದ ಮೇಲೆ, 1912ರಲ್ಲಿ ಗ್ರಂಥರೂಪವಾಗಿ ಬಂದ ‘ಜೀವನಸ್ಮೃತಿ’ಯಲ್ಲಿ ಅದೇ ರಾತ್ರಿಯನ್ನು ಗದ್ಯದಲ್ಲಿ ಹೇಳಿ, ಕವಿತೆಯನ್ನೂ ಜೊತೆಗಿಟ್ಟರು.

ಎರಡನ್ನೂ ಹೋಲಿಸಿ ನೋಡುವ ಸಹೃದಯನಿಗೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಕವಿತೆಯಲ್ಲಿ ದೋಣಿಯಿಲ್ಲ, ದುರ್ಗವಿಲ್ಲ, ಅಂಗಳವಿಲ್ಲ, ಬುತ್ತಿಯಿಲ್ಲ. ಭೂಮಿಯ ಹಿಡಿತವನ್ನು ಕಳಚಿ ನಡುರಾತ್ರಿಯಲ್ಲಿ ಕರಗಿಹೋಗಬೇಕೆಂಬ ಹಂಬಲವೊಂದೇ ಇದೆ. ಗದ್ಯದಲ್ಲಿ ಎಲ್ಲವೂ ಇವೆ. ಹಂಬಲವನ್ನು ಹೇಳದಿದ್ದರೂ ಅದು ಓದುಗನಲ್ಲಿ ತಾನಾಗಿ ಹುಟ್ಟುತ್ತದೆ. ರವೀಂದ್ರರಿಗೂ ಇದು ತಿಳಿದಿತ್ತು. ಆ ನೆನಪಿನಿಂದ ಬೇರ್ಪಡಿಸಿದರೆ ಕವಿತೆಗೆ ಬೆಲೆಯುಳಿದೀತೋ ಇಲ್ಲವೋ ಎಂದು ಅವರೇ ಶಂಕಿಸಿದರು. ಭಾವವು ತುಂಬಿ ತುಳುಕುವಾಗ ಬರೆದುದು ಒಳ್ಳೆಯದೇ ಆಗಬೇಕೆಂದಿಲ್ಲ, ಸರಿಯಾದ ಬಣ್ಣವನ್ನು ಬಳಿಯುವ ಕುಂಚವು ಸ್ಮೃತಿಯೇ ಎಂದು ಅಭಿಪ್ರಾಯಪಟ್ಟರು.

ನಮ್ಮ ಆಲಂಕಾರಿಕರಿಗೂ ಈ ಮಾತು ಹೊಸದಲ್ಲ. ಆದಿಕವಿಯ ಶೋಕವನ್ನು ಮುನಿಯ ಸ್ವಂತ ದುಃಖವೆಂದು ಭಾವಿಸಲಾಗದೆಂಬುದು ಅಭಿನವಗುಪ್ತನ ನಿರ್ಣಯ. ಸ್ವಂತದ ದೇಶಕಾಲಗಳಲ್ಲಿ ಸಿಲುಕುವುದನ್ನು ಅವನು ರಸವಿಘ್ನಗಳಲ್ಲಿ ಸೇರಿಸಿದ್ದಾನೆ. ಹಾಗಾದರೆ ರೈತನ ಅಂಗಳವೂ ಬುತ್ತಿಯೂ ದೇಶಕಾಲವಿಶೇಷಗಳೇ ಅಲ್ಲವೆ, ಅವು ರಸಕ್ಕೆ ಹೇಗೆ ನೆರವಾದವು ಎಂದು ಯಾರಾದರೂ ಆಕ್ಷೇಪಿಸಬಹುದು. ವಿಘ್ನವು ಆ ವಸ್ತುಗಳಲ್ಲಿಲ್ಲ. ‘ಇದು ನನ್ನದು’ ಎಂಬ ಮಮತೆಯಲ್ಲಿದೆ. ಕಾಲವು ಮಮತೆಯನ್ನು ಸವೆಯಿಸಿ ವಸ್ತುವನ್ನು ಉಳಿಸುತ್ತದೆ. ಬರೆಯುವ ಅವಸರವಾದರೋ ವಸ್ತುವನ್ನು ಬಿಟ್ಟು ಮಮತೆಯನ್ನು ಮಾತ್ರ ಹಿಡಿಯುತ್ತದೆ. ಲಕ್ಷಣಗ್ರಂಥವನ್ನು ನೋಡಿ ಬರೆದವನಲ್ಲಿಯೂ, ಆ ಸಂಜೆಯೇ ಬರೆದವನಲ್ಲಿಯೂ ಸಮಾನವಾಗಿ ಇಲ್ಲದಿರುವುದು ಈ ವಸ್ತುವೇ.

ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ.ನ.ರಿಗೆ ಅಲ್ಲಿನ ಬೆಟ್ಟವನ್ನು ಕುರಿತು ಬರೆಯುವಾಗ, ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಗಳಿಗೆ ಹಳ್ಳಿಯ ಬಾಳನ್ನು ಕುರಿತು ಬರೆಯುವಾಗ, ಬಾಲ್ಯದಿಂದ ಬಂದ ಬಳಕೆಯು ಬೆನ್ನಿಗಿತ್ತು. ಒಂದು ದಿನದ ಯಾತ್ರಿಕನಿಗೆ ಆ ಭಾಗ್ಯವಿಲ್ಲ. ಅವನಿಗೆ ದೊರೆಯತಕ್ಕ ನೆರವುಗಳು ಎರಡೇ: ಅಂದು ಎಚ್ಚರದಿಂದ ನೋಡುವುದು, ಮುಂದೆ ತಾಳ್ಮೆಯಿಂದ ನೆನೆಯುವುದು. ನೋಡದವನಿಗೆ ನೆನೆಯಲು ಏನೂ ಉಳಿಯುವುದಿಲ್ಲವಾದುದರಿಂದ, ರವೀಂದ್ರರು ಸ್ಮೃತಿಯನ್ನು ಕುರಿತು ಆಡಿದ ಮಾತಿಗೆ ಮೊದಲನೆಯದನ್ನೂ ಸೇರಿಸಿಕೊಳ್ಳುವುದು ಅವಶ್ಯ.

ಕಾರವಾರದಲ್ಲಿಯೇ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಪ್ರಕೃತಿಯನ್ನು ಗೆದ್ದು ಅನಂತವನ್ನು ಸೇರಬಯಸಿದ ಸಂನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಹುಡುಗಿಯ ಸ್ನೇಹವು ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ಸೀಮೆಯಲ್ಲಿಯೇ ಅಸೀಮವಿದೆಯೆಂದು ಅವನು ಅರಿಯುತ್ತಾನೆ. ಭೂಮಿಯಿಂದ ಬಿಡುಗಡೆಯನ್ನು ಬೇಡಿದ ಆ ರಾತ್ರಿಯ ಕವಿತೆಗೆ ಇದಕ್ಕಿಂತ ಉತ್ತಮವಾದ ವಿಮರ್ಶೆಯು ಬೇಕಿಲ್ಲ. ನಮ್ಮ ತರುಣ ಲೇಖಕರು ಕಡಲಿಂದ ಹಿಂದಿರುಗುವಾಗ ಅದರ ಅನಂತತೆಯನ್ನು ಹೊತ್ತು ತರಬೇಕಾಗಿಲ್ಲ. ಬಾಯಾರಿದಾಗ ನೀರು ಕೊಟ್ಟವರು ಯಾರು, ಗೆಳೆಯರು ಎಲ್ಲಿ ಕುಳಿತು ಏನನ್ನು ಉಂಡರು, ಬಲೆಯನ್ನೆಳೆಯುವವರು ತಮ್ಮೊಳಗೆ ಏನು ಮಾತಾಡುತ್ತಿದ್ದರು ಎಂಬಿಷ್ಟನ್ನು ಮರೆಯದೆ ತಂದು, ಕೆಲವು ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು, ಬಳಿಕ ಬರೆಯಲಿ. ಅಂತಹ ಲೇಖನದಲ್ಲಿ ಕಡಲು ಕಾಣುವುದು.