ಸ್ತ್ರೀಹಕ್ಕುಗಳ ನೆರವು: ಬಿಡಿ ಯೋಜನೆಯಿಂದ ಸಂಯೋಜಿತ ಕಾರ್ಯಕ್ರಮದವರೆಗೆ

ಸ್ತ್ರೀಯರ ಹಕ್ಕುಗಳಿಗೆ ನೀಡಲಾಗುವ ನೆರವು ಬಿಡಿಬಿಡಿ ಯೋಜನೆಗಳ ರೂಪವನ್ನು ತೊರೆದು ಸಂಯೋಜಿತ ಕಾರ್ಯಕ್ರಮದ ರೂಪವನ್ನು ತಾಳಬೇಕೆಂಬ ಮಾತು ಈಚೆಗೆ ಹೊಸ ಕಾಣ್ಕೆಯೆಂಬಂತೆ ಕೇಳಿಬರುತ್ತಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ನಮ್ಮ ದೇಶದಲ್ಲಿ ಈ ಪ್ರಯತ್ನ ಕಡಮೆಯೆಂದರೆ ಮೂರು ಬಾರಿ ನಡೆದಿದೆ. ಪ್ರತಿ ಬಾರಿಯೂ ಕೂಡಿಸಿದ್ದೇನು, ಆ ಕೂಡಿಕೆಯಲ್ಲಿ ಕಳೆದುಹೋದದ್ದೇನು ಎಂಬುದನ್ನು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಕಡೆಯಿಂದ ನೋಡಲು ನಾವು ಇಲ್ಲಿ ಯತ್ನಿಸಿದ್ದೇವೆ.

ಮಾಂಬಳ್ಳಿಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಅದರ ಮಗ್ಗುಲಿನ ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎರಡು ಕಡೆಯೂ ಅದೇ ಹಿಪ್ಪುನೇರಳೆ, ಅದೇ ರೇಷ್ಮೆಗೂಡು; ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಟ್ಟು ನೂಲು ತೆಗೆಯುವ ಹೆಂಗಸರ ಬೆರಳುಗಳ ಪಾಡೂ ಅದೇ. ಕಛೇರಿಗಳು ಮಾತ್ರ ಬೇರೆ. ಸರ್ಕಾರಿ ನೂಲು ಕಾರ್ಖಾನೆಯಿಂದ ಹೆಸರಾದ ಮಾಂಬಳ್ಳಿಯ ಸ್ತ್ರೀಯು ಮೊದಲು ಕೂಲಿಗಾರಳು, ಅನಂತರ ಉಳಿದುದೆಲ್ಲ. ಈ ಮಾತನ್ನು ಮುಂದಿನ ವಿಮರ್ಶೆಯಲ್ಲಿ ಮರೆಯಲಾಗದು.

ಮೊದಲನೆಯ ಪ್ರಯತ್ನ 1957ರದು. ಶ್ರೀಮತಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ 1953ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಮರುವರ್ಷ ಗ್ರಾಮಾಂತರದಲ್ಲಿ ಕಲ್ಯಾಣ ವಿಸ್ತರಣ ಯೋಜನೆಗಳನ್ನು ಆರಂಭಿಸಿತು. ಒಂದೊಂದು ಯೋಜನೆಗೆ ಸುಮಾರು 25 ಹಳ್ಳಿಗಳು. ಬಾಲವಾಡಿ, ಹೆರಿಗೆಯ ಸಹಾಯ, ಅಕ್ಷರಾಭ್ಯಾಸ, ಹೊಲಿಗೆ ಮೊದಲಾದ ಕೈಕೆಲಸ. ಅದೇ ಹಳ್ಳಿಗಳಿಗೆ 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಿಕೆಯೂ ಬರುತ್ತಿದ್ದುದರಿಂದ, 1957ರಿಂದ ಇವೆರಡನ್ನೂ ಬ್ಲಾಕಿನ ಮಟ್ಟದಲ್ಲಿ ಕೂಡಿಸಿ ‘ಸಂಯೋಜಿತ ಮಾದರಿ’ ಎಂದು ಕರೆಯಲಾಯಿತು. ಕೂಡಿಕೆ ಯುಕ್ತವಾದದ್ದೇ. ಆದರೆ ಕಾಲವನ್ನು ಗಮನಿಸಬೇಕು. 1955ರಲ್ಲಿ ಹಿಂದೂ ವಿವಾಹ ಕಾಯಿದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಆಗತಾನೆ ಬಂದಿದ್ದುವು. ತಂದೆಯ ಆಸ್ತಿಯಲ್ಲಿ ಮಗಳಿಗೆ ಪಾಲುಂಟೆಂದು ಶಾಸನವೇ ಸಾರಿದ ಹೊತ್ತಿನಲ್ಲಿ, ಅದನ್ನು ಹಳ್ಳಿಯ ಮನೆಗೆ ಮುಟ್ಟಿಸುವ ಕೆಲಸವು ಈ ಸಂಯೋಜಿತ ಮಾದರಿಯ ಮುಖ್ಯ ಅಂಗಗಳಲ್ಲಿ ಸೇರಲಿಲ್ಲ. ಕೂಡಿದ್ದು ಕಲ್ಯಾಣ, ಹಕ್ಕು ಹೊರಗೆ ನಿಂತಿತು. 1974ರಲ್ಲಿ ಭಾರತದ ಸ್ತ್ರೀಯರ ಸ್ಥಾನಮಾನ ಕುರಿತ ಸಮಿತಿಯು ತನ್ನ ವರದಿಯಲ್ಲಿ, ಸ್ವಂತ ಸಂಪನ್ಮೂಲವುಳ್ಳ ಶಾಸನಬದ್ಧ ಮಹಿಳಾ ಪಂಚಾಯತಿಗಳು ಬೇಕೆಂದು ಸೂಚಿಸಿತು. ಸಂಯೋಜನೆಯ ಚುಕ್ಕಾಣಿಯನ್ನು ಸ್ತ್ರೀಯರ ಕೈಗೇ ಕೊಡುವ ಈ ಸೂಚನೆಗೆ ದೊರೆಯಬೇಕಾದಷ್ಟು ಮನ್ನಣೆ ದೊರೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಎರಡನೆಯದನ್ನು ಚುಟುಕಾಗಿ ಹೇಳಬಹುದು. 1982ರ ‘ಡ್ವಾಕ್ರಾ’ ಯೋಜನೆಯನ್ನು 1999ರ ಏಪ್ರಿಲ್ 1ರಿಂದ ಇತರ ಹಲವು ಯೋಜನೆಗಳೊಡನೆ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಲೆಕ್ಕಪತ್ರ ಒಂದಾಯಿತು. ಸಂಘವೆಂದರೆ ಸಾಲ ಪಡೆಯುವ ಗುಂಪು ಎಂಬ ಅರ್ಥ ಬೇರೂರಿತು.

ಇದಕ್ಕೆ ತದ್ವಿರುದ್ಧವಾದ ಬಗೆಯೊಂದು ನಮ್ಮ ನೆರೆಯಲ್ಲೇ ಇತ್ತು. ಹಾಲೆಂಡ್ ಸರ್ಕಾರದ ನೆರವಿನಿಂದ 1989ರಲ್ಲಿ ಕರ್ನಾಟಕದಲ್ಲಿ ಕೆಲಸ ತೊಡಗಿದ ಮಹಿಳಾ ಸಮಾಖ್ಯಾವು ಆರಿಸಿಕೊಂಡ ಮೊದಲ ಜಿಲ್ಲೆಗಳಲ್ಲಿ ಮೈಸೂರೂ ಒಂದು. ಚಾಮರಾಜನಗರ ಜಿಲ್ಲೆ 1997ರಲ್ಲಷ್ಟೆ ಬೇರ್ಪಟ್ಟಿತೆಂಬುದನ್ನು ನೆನೆಯಬೇಕು. ಅದು ಕೊಡುವ ಯೋಜನೆಯಲ್ಲ, ಕೇಳಲು ಕಲಿಸುವ ಯೋಜನೆ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬಳು ಸಹಯೋಗಿನಿ. ಯಾವ ವಿಷಯವನ್ನು ಮೊದಲು ಎತ್ತಿಕೊಳ್ಳಬೇಕೆಂಬ ತೀರ್ಮಾನ ಸಂಘದ ಹೆಂಗಸರದು. ಕುಡಿಯುವ ನೀರು, ಕೂಲಿ, ಗಂಡನ ಹೊಡೆತ, ಮಗಳ ಓದು, ಇವನ್ನು ಇಲಾಖೆವಾರು ವಿಂಗಡಿಸದೆ ಒಟ್ಟಾಗಿ ನೋಡುವುದು ಅಲ್ಲಿ ಸಹಜವಾಗಿತ್ತು. ಸಂಯೋಜನೆಯೆಂಬ ಹೆಸರಿಲ್ಲದ ನಿಜವಾದ ಸಂಯೋಜನೆ ಇದೇ ಎಂದು ನಾವು ಭಾವಿಸುತ್ತೇವೆ. ಇಂಥದನ್ನೇ 2016ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದೊಡನೆ ಕೂಡಿಸಿತು! ಶಿಕ್ಷಣ ಮತ್ತು ಸಮಾನತೆಗಾಗಿ ಹುಟ್ಟಿದ ಸಂಸ್ಥೆ ಉಳಿತಾಯ-ಸಾಲಗಳ ಸಂಸ್ಥೆಯಲ್ಲಿ ಸೇರಿದರೆ ಯಾವುದರ ಗುಣ ಮೇಲಾಗುವುದೆಂದು ಊಹಿಸುವುದು ಕಷ್ಟವಲ್ಲ.

ಹೊರ ದೇಶಗಳ ನೆರವಿನ ಕ್ಷೇತ್ರದಲ್ಲಿಯೂ ಇದೇ ಪ್ರವೃತ್ತಿ. ನೆರವು ನೀಡುವ ರಾಷ್ಟ್ರಗಳು ತಮ್ಮ ಕಾರ್ಯಗಳನ್ನು ಹೊಂದಿಸಿಕೊಳ್ಳಬೇಕೆಂದು ಸಾರಿದ 2005ರ ಪ್ಯಾರಿಸ್ ಘೋಷಣೆಯು ಸ್ತ್ರೀ-ಪುರುಷ ಸಮಾನತೆಯನ್ನು ಇತರ ವಿಷಯಗಳ ಸಾಲಿನಲ್ಲಿ ಒಮ್ಮೆ ಹೆಸರಿಸಿ ಮುಂದುವರಿಯಿತು.

ಮೂರನೆಯ ಕೂಡಿಕೆ ‘ಮಿಷನ್ ಶಕ್ತಿ’. ನೊಂದ ಸ್ತ್ರೀಗೆ ವೈದ್ಯ, ಪೊಲೀಸು, ಕಾನೂನುಗಳ ನೆರವನ್ನು ಒಂದೇ ಸೂರಿನಡಿ ಒದಗಿಸುವ ಸಖಿ ಕೇಂದ್ರ, 181 ಸಹಾಯವಾಣಿ, ವಸತಿಗೃಹ ಇವೆಲ್ಲ ಅದರಡಿ ಬಂದಿವೆ. ಇದರ ಪ್ರಯೋಜನವನ್ನು ಅಲ್ಲಗಳೆಯುವವರು ನಾವಲ್ಲ. ಒಂದೇ ಸಂಕಟವನ್ನು ನಾಲ್ಕು ಬಾಗಿಲುಗಳಲ್ಲಿ ಹೇಳಿಕೊಳ್ಳುವುದು ತಪ್ಪಿದರೆ ಅದು ಸಣ್ಣ ಉಪಕಾರವಲ್ಲ. ಆದರೆ ತಾಲ್ಲೂಕಿಗೆ ಇಳಿದಾಗ ಚಿತ್ರ ಬೇರೆಯಾಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಅಂಗನವಾಡಿಯ ಆಹಾರ, ಸ್ತ್ರೀಶಕ್ತಿ ಗುಂಪುಗಳ ಲೆಕ್ಕ ಇವುಗಳ ನಡುವೆಯೇ ಅವರು ನ್ಯಾಯಾಲಯಕ್ಕೆ ವರದಿ ಬರೆಯಬೇಕು. ಮೇಲೆ ಸಂಯೋಜನೆ ಎನಿಸಿಕೊಂಡದ್ದು ಕೆಳಗೆ ಒಬ್ಬರ ಮೇಜಿನ ಮೇಲಿನ ಕಡತಗಳ ರಾಶಿಯಾಗಿದೆ.

ಇನ್ನು ಮಾಂಬಳ್ಳಿಯ ನೂಲು ತೆಗೆಯುವವಳ ವಿಷಯ. ಅವಳ ಕೂಲಿ ಕಾರ್ಮಿಕ ಇಲಾಖೆಯದು, ಗೂಡು ರೇಷ್ಮೆ ಇಲಾಖೆಯದು, ಜಮೀನಿನ ಪಾಲು ಕಂದಾಯ ಇಲಾಖೆಯದು. ಕರ್ನಾಟಕವು 1994ರಲ್ಲಿಯೇ, ಕೇಂದ್ರಕ್ಕಿಂತ 11 ವರ್ಷ ಮೊದಲು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತೆಂಬುದು ಬೇರೆ ಮಾತು. ಮೇಲೆ ಹೇಳಿದ ಮೂರು ಕೂಡಿಕೆಗಳಲ್ಲಿ ಯಾವುದೂ ಈ ಮೂರು ಇಲಾಖೆಗಳ ಬಾಗಿಲನ್ನು ತಟ್ಟಲಿಲ್ಲ. ಅವು ಕೂಡಿಸಿದ್ದು ಆಗಲೇ ಸ್ತ್ರೀಯರದೆಂದು ಹೆಸರು ಹೊತ್ತಿದ್ದ ಯೋಜನೆಗಳನ್ನು ಮಾತ್ರ.