ಗಣಕಗಳ ನಿರ್ವಹಣೆ: ಮಾನಕವಿದೆ, ಒಮ್ಮತವೆಲ್ಲಿ?

ಪಹಣಿಗಾಗಿ ತಾಲ್ಲೂಕು ಕಚೇರಿಯಲ್ಲಿ ಸಾಲು ನಿಂತವರಿಗೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಹೊಸದಲ್ಲ. ಊರು ದೊಡ್ಡಬಳ್ಳಾಪುರವಾಗಲಿ, ನೆಲಮಂಗಲವಾಗಲಿ, ಮಾತು ಒಂದೇ. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು 2002ರ ವೇಳೆಗೆ ಗಣಕಕ್ಕೆ ಸೇರಿದವು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಹೀಗಾಗಿ ಗಣಕ ನಿಂತರೆ ಬೆಳೆಸಾಲದ ಅರ್ಜಿ ನಿಲ್ಲುತ್ತದೆ, ರೈತನ ಒಂದು ದಿನ ವ್ಯರ್ಥವಾಗುತ್ತದೆ.

'ಸರ್ವರ್ ಇಲ್ಲ' ಎಂದರೆ ನಿಜವಾಗಿ ಏನಿಲ್ಲ? ಕಚೇರಿಯ ಯುಪಿಎಸ್‌ನ ಬ್ಯಾಟರಿ ಸತ್ತಿರಬಹುದು, ಸ್ವಿಚ್ ಕೆಟ್ಟಿರಬಹುದು, ರಾಜ್ಯವ್ಯಾಪಿ ಜಾಲ 'ಕೆಸ್ವಾನ್'ನ ಸಂಪರ್ಕ ಕಡಿದಿರಬಹುದು, ಬೆಂಗಳೂರಿನ ಸರ್ವರೇ ನಿಂತಿರಬಹುದು. ಈ ಉಪಕರಣಗಳನ್ನು ತಯಾರಿಸುವ ಕಂಪನಿಗಳು ಬೇರೆ ಬೇರೆ. ಒಂದೆಡೆ ಕುಳಿತು ಎಲ್ಲದರ ಆರೋಗ್ಯ ವಿಚಾರಿಸಬೇಕಾದರೆ ಅವೆಲ್ಲಕ್ಕೂ ಅರ್ಥವಾಗುವ ಒಂದು ಭಾಷೆ ಬೇಕು. ಅದೇ ನಿರ್ವಹಣಾ ಮಾನಕ. ಅದು ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದು ನಮ್ಮ ಪ್ರಶ್ನೆ.

ದೊಡ್ಡಬಳ್ಳಾಪುರದ ನೇಕಾರರಿಗೆ ಮಾನಕದ ಬೆಲೆಯನ್ನು ವಿವರಿಸಬೇಕಿಲ್ಲ. ವಿದ್ಯುತ್ ಮಗ್ಗದ ಮೋಟರು ಸುಟ್ಟರೆ ಅದೇ ಕಂಪನಿಯದನ್ನೇ ಹುಡುಕಬೇಕಾಗಿಲ್ಲ. ಅಶ್ವಶಕ್ತಿ, ವೇಗ, ಫ್ರೇಮಿನ ಅಳತೆ ಹೊಂದಿದರೆ ಬೇರೆಯವರ ಮೋಟರೂ ಅಲ್ಲಿ ಕೂರುತ್ತದೆ. ಗಣಕ ಲೋಕದಲ್ಲಿ ಇದೇ ಅನುಕೂಲ ತರಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸರಳ ವಿಧಾನ ಬಂತು. ಇದರಲ್ಲಿ ಉಪಕರಣದ ಪ್ರತಿಯೊಂದು ಮಾಹಿತಿಗೂ ಅಂಕಿಗಳ ವಿಳಾಸವಿದೆ. 1.3.6.1.2.1.1.3 ಎಂಬ ವಿಳಾಸದಲ್ಲಿ ಕೇಳಿದರೆ, ಯಾವ ಕಂಪನಿಯ ಉಪಕರಣವಾದರೂ ತಾನು ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದ್ದೇನೆ ಎಂಬುದನ್ನು ಸೆಕೆಂಡಿನ ನೂರನೇ ಭಾಗಗಳಲ್ಲಿ ತಿಳಿಸುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ.

ತೊಡಕು ಇರುವುದು 1.3.6.1.4.1 ಎಂದು ಆರಂಭವಾಗುವ ಕೊಂಬೆಯಲ್ಲಿ. ಅದು ಕಂಪನಿಗಳ ಖಾಸಗಿ ಹಿತ್ತಿಲು. ಅಲ್ಲಿ ಐಬಿಎಂ ಸಂಖ್ಯೆ 2, ಸಿಸ್ಕೊ ಸಂಖ್ಯೆ 9, ಎಚ್‌ಪಿ ಸಂಖ್ಯೆ 11. ಹೊಸ ಸೌಲಭ್ಯಗಳಿಗೆ ಇಂಥ ಜಾಗ ಬೇಕೆಂಬುದನ್ನು ಒಪ್ಪೋಣ. ಆದರೆ ಸಾಮಾನ್ಯ ಸಂಗತಿಗಳೂ ಅಲ್ಲಿಗೇ ಸೇರಿದರೆ? ಯುಪಿಎಸ್‌ನ ಬ್ಯಾಟರಿ ಇನ್ನೆಷ್ಟು ನಿಮಿಷ ಬಾಳುತ್ತದೆ ಎಂದು ಕೇಳಲು 1994ರಲ್ಲೇ ಮಾನಕ ಸಿದ್ಧವಾಯಿತು. ಆ ಮೇಲೂ ಹಲವು ಯುಪಿಎಸ್‌ಗಳು ತಮ್ಮದೇ ವಿಳಾಸದಲ್ಲಿ ಮಾತ್ರ ಉತ್ತರಿಸುತ್ತವೆ. ಪ್ರಶ್ನೆ ಕೇಳುವ ವಿಧಾನ ಎಲ್ಲರದೂ ಒಂದೇ, ಉತ್ತರ ಸಿಗುವ ಜಾಗ ಮಾತ್ರ ಬೇರೆ ಬೇರೆ. ಇದನ್ನು ಅರೆ ಮಾನಕವೆನ್ನದೆ ಬೇರೆ ದಾರಿಯಿಲ್ಲ.

1992ರಲ್ಲಿ ಕಂಪನಿಗಳೇ ಕೂಡಿ ಕಟ್ಟಿದ ಡಿಎಂಟಿಎಫ್ ಸಂಘಟನೆ ಇನ್ನೊಂದು ದಾರಿ ಹಿಡಿಯಿತು. ಅದರ ಸಿಐಎಂ ಮಾದರಿ ಡಿಸ್ಕಿನಿಂದ ಹಿಡಿದು ತಂತ್ರಾಂಶದವರೆಗೆ ಎಲ್ಲವನ್ನೂ ಬಣ್ಣಿಸಲು ಹೊರಟಿತು. ಅದು ಎಷ್ಟು ಬೆಳೆಯಿತೆಂದರೆ ಕಂಪನಿಗಳು ತಮಗೆ ಬೇಕಾದ ತುಣುಕುಗಳನ್ನಷ್ಟೇ ಅಳವಡಿಸಿಕೊಂಡವು. ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಕೂಡಿ 1998ರಲ್ಲಿ ತಂದ ಐಪಿಎಂಐ, ಸರ್ವರ್ ಸ್ಥಗಿತವಾಗಿದ್ದರೂ ಅದನ್ನು ದೂರದಿಂದ ಚಾಲೂ ಮಾಡುವ ಶಕ್ತಿ ಕೊಟ್ಟಿತು. ಆದರೆ ಅದರ ಎರಡನೇ ಆವೃತ್ತಿಯಲ್ಲಿ ಬಳಕೆದಾರರ ಗುರುತು ದೃಢಪಡುವ ಮೊದಲೇ ಗುಪ್ತಪದದ ಸಂಕೇತರೂಪ ಕೇಳಿದವರಿಗೆ ಸಿಗುತ್ತದೆಂಬುದು 2013ರಲ್ಲಿ ಬಯಲಾಯಿತು. 2015ರಲ್ಲಿ ಡಿಎಂಟಿಎಫ್ ಪ್ರಕಟಿಸಿದ ರೆಡ್‌ಫಿಶ್ ಇವೆಲ್ಲಕ್ಕಿಂತ ಮೇಲು. ಜಾಲತಾಣಗಳ ಪರಿಚಿತ ತಂತ್ರವನ್ನೇ ಬಳಸುವುದರಿಂದ ಕಲಿಯುವುದು ಸುಲಭ, ಸುರಕ್ಷತೆಯೂ ಉತ್ತಮ. ಆದರೂ ಅದರಲ್ಲಿ 'ಓಇಎಂ' ಎಂಬ ವಿಭಾಗವಿದೆ. ಹಳೆಯ ಹಿತ್ತಿಲಿಗೆ ಹೊಸ ಬೇಲಿ ಹಾಕಿದಂತೆ!

ಹಾಗಾದರೆ ದೋಷ ಬರೀ ಕಂಪನಿಗಳದೇ? ಕನ್ನಡಿಗರಾದ ನಮ್ಮ ಅನುಭವ ಬೇರೆಯದನ್ನು ಹೇಳುತ್ತದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಎಷ್ಟೋ ವರ್ಷ ಒಂದು ತಂತ್ರಾಂಶದಲ್ಲಿ ಟೈಪಿಸಿದ ಬರಹ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಮಾನಕ ಕಾಗದದ ಮೇಲಿದ್ದರೆ ಸಾಲದು; ಬಳಸುವವರು ಪಟ್ಟು ಹಿಡಿದು ಕೇಳಬೇಕು. ಭಾರತ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು 2010ರ ನವೆಂಬರಿನಲ್ಲಿ ಪ್ರಕಟಿಸಿದೆ. ಅದರ ಆಶಯ ಟೆಂಡರಿನ ಕೊನೆಯ ಸಾಲಿನವರೆಗೂ ಇಳಿಯಬೇಕು.

ನೀವು ಶಾಲೆಗೋ ಸಹಕಾರ ಸಂಘಕ್ಕೋ ಕಾರ್ಖಾನೆಗೋ ಉಪಕರಣ ಕೊಳ್ಳುವವರಾದರೆ, 'ಎಸ್‌ಎನ್‌ಎಂಪಿ ಇದೆ' ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಮೂರು ಪ್ರಶ್ನೆ ಕೇಳಿ. ಯಾವ ಆವೃತ್ತಿ? ಗೂಢಲಿಪಿಯ ರಕ್ಷಣೆಯುಳ್ಳ ಮೂರನೆಯದು 2002ರಲ್ಲೇ ಪೂರ್ಣ ಮಾನಕವಾಗಿದೆ. ಮುಖ್ಯ ಮಾಹಿತಿಗಳು ಸಾಮಾನ್ಯ ವಿಳಾಸದಲ್ಲಿ ಸಿಗುತ್ತವೆಯೇ, ಖಾಸಗಿ ವಿಳಾಸದಲ್ಲಿ ಮಾತ್ರವೇ? ಬೇರೆ ಕಂಪನಿಯ ನಿರ್ವಹಣಾ ತಂತ್ರಾಂಶದಿಂದ ಓದಿ ತೋರಿಸಬಲ್ಲಿರಾ? ಮೂರನೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಬೇಡ, ನಿಮ್ಮ ಕಣ್ಣೆದುರಿಗೇ ಆಗಲಿ. ಹಣ ಪಾವತಿ ಆ ನಂತರ.

ಇಷ್ಟು ಮಾಡಿದರೆ ಯಂತ್ರಗಳು ಕೆಡುವುದು ನಿಲ್ಲುವುದಿಲ್ಲ. ಆದರೆ ಏನು ಕೆಟ್ಟಿದೆ ಎಂಬುದು ಸಾಲು ಬೆಳೆಯುವ ಮೊದಲೇ ತಿಳಿಯುತ್ತದೆ, ರಿಪೇರಿಯವನು ಸರಿಯಾದ ಬಿಡಿಭಾಗ ಹಿಡಿದೇ ಹೊರಡುತ್ತಾನೆ.