ಪತ್ತಾಯವೂ ಔಚಿತ್ಯವೂ

ಬೆಳ್ಳಾರೆಯ ಆಸುಪಾಸಿನಲ್ಲಿ ಹಂಚಿನ ಮಾಡುಗಳು ಇಳಿದು ತಾರಸಿಗಳು ಏರುತ್ತಿವೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಸೋರುವ ಮಾಡಿನಡಿ ಪಾತ್ರೆಯಿಟ್ಟು ಮಳೆಗಾಲ ಕಳೆದವನು ಹಂಚನ್ನು ಹಾಡಿ ಹೊಗಳಲಾರ. ಆದರೆ ಈ ಹೊಸ ಮನೆಗಳ ಚಾವಡಿಯಲ್ಲಿ, ಕನ್ನಡಿಯಂಥ ನೆಲದ ಮೇಲೆ, ಸೋಫಾದ ಎದುರಿಗೆ, ಯಾವುದಾದರೊಂದು ಹಳೆಯ ಸಾಮಾನು ದೂರದ ನೆಂಟನ ಹಾಗೆ ಮುದುಡಿ ಕುಳಿತಿರುತ್ತದೆ. ಮೊನ್ನೆ ಒಂದು ಮನೆಯಲ್ಲಿ ಚೆನ್ನೆಮಣೆಯನ್ನು ಗೋಡೆಗೆ ನೇತುಹಾಕಿದ್ದರು. ಆಟಿ ತಿಂಗಳ ಮಳೆಯಲ್ಲಿ 14 ಗುಳಿಗಳಿಗೆ ಕಾಯಿ ಹಂಚಿ ಆಡುವ ಮಣೆ ಅದು. ಗೋಡೆಗೆ ಏರಿದ ಗುಳಿಯಲ್ಲಿ ಕಾಯಿ ನಿಲ್ಲುವುದೆಂತು?

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ವಾದಿಸಿದನು. ಒಡವೆ ಎಷ್ಟೇ ಬೆಲೆಯದಾದರೂ ಜಾಗ ತಪ್ಪಿದರೆ ನಗೆಗೀಡು ಎಂಬುದು ಅವನ ವಿಚಾರ. ಮನೆಯ ಅಲಂಕಾರಕ್ಕೂ ಅದು ಸಲ್ಲುತ್ತದೆ. ಹಳತು ಹೊಸತು ಕೂಡಬಾರದೆಂದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಕೆಡವಿದ ಹಳೆಯ ಮನೆಗಳ ಭಾಗಗಳನ್ನು ಆರಿಸಿ ತಂದು ‘ಹಸ್ತಶಿಲ್ಪ’ವೆಂಬ ಮನೆಯನ್ನೇ ಕಟ್ಟಿದರು. ಬಿಡಿ ಅವಯವಗಳು ಅಲ್ಲಿ ಮತ್ತೆ ಮನೆಯಾದುವು. ನಮ್ಮಲ್ಲಾದರೋ ಕಂಬವನ್ನು ಕೊಯ್ದು ಹೂದಾನಿಗೆ ಪೀಠ ಮಾಡುತ್ತಾರೆ. ಮೇಲಿಷ್ಟು ಹೊಳಪಿನ ಎಣ್ಣೆ ಬೇರೆ.

ಇಷ್ಟು ಹೇಳುವ ನಾನೇ ಈಗ ಇಕ್ಕಟ್ಟಿನಲ್ಲಿದ್ದೇನೆ. ನಮ್ಮ ಹಳೆಯ ಮನೆ ಕೆಡವಿಯಾಗಿದೆ. ಅಜ್ಜನ ಕಾಲದ ಹಲಸಿನ ಪತ್ತಾಯ ಉಳಿದಿದೆ. ಒಳಗೆ ಭತ್ತ, ಮೇಲೆ ಚಾಪೆ ಹಾಸಿ ಅಜ್ಜನ ನಿದ್ದೆ. ಅವನ ನಿದ್ದೆಯೂ ಒಂದು ಕಾವಲೇ. ಗದ್ದೆಗಳು ಅಡಿಕೆತೋಟವಾದ ಮೇಲೆ ಅದು ಬರಿದಾಯಿತು. ಎಂದರೆ, ಮನೆ ಬೀಳುವ ಮೊದಲೇ ಅದರ ಕೆಲಸ ಹೋಗಿತ್ತು. ನನ್ನ ವಾದಕ್ಕೆ ಇದು ದೊಡ್ಡ ತೊಡಕು. ಕೆಲಸವಿಲ್ಲದ ವಸ್ತುವಿಗೆ ಯಾವುದು ಉಚಿತ ಸ್ಥಾನ?

“ಅಡ್ಡ ಕೊಯ್ದರೆ ಟಿ.ವಿ. ಇಡ್ಲಿಕ್ಕೆ ಲಾಯ್ಕ ಆಗ್ತದೆ ಅಣ್ಣಾ” ಎಂದರು ಆಚಾರಿ. ತಮ್ಮನು ತಲೆಯಾಡಿಸಿದ. ನಾನು ಕ್ಷೇಮೇಂದ್ರನನ್ನು ನೆನೆಯುತ್ತಿರುವಾಗ ಅಮ್ಮ ಒಳಗಿನಿಂದಲೇ ಕೇಳಿದರು: “ಕೊಯ್ದರೆ ಮಳೆಗಾಲಕ್ಕೆ ಕಂಬಳಿ, ಚಾಪೆ ಎಲ್ಲಿ ಇಡುವುದು ಮಗಾ? ಕಪಾಟಿನಲ್ಲಿಟ್ಟದ್ದು ಬೂಸ್ಟು ಹಿಡಿಯುವುದಿಲ್ಲವಾ?”

ಈ ವಿಷಯದಲ್ಲಿ ನಾನು ಕೇಳಿದ ಉತ್ತಮ ವಿಮರ್ಶೆ ಇದೇ. ಪತ್ತಾಯವನ್ನು ಚೆಂದವೆಂದಾಗಲಿ ಹಳೆಯದೆಂದಾಗಲಿ ಅವರು ಹೇಳಲಿಲ್ಲ.

ಈಗ ಉಳಿದಿರುವ ತಕರಾರು ಹೊಸ ಮನೆಯ ದಾರಂದದ್ದು. ಅಗಲ ನಾಲ್ಕು ಬೆರಳು ಸಾಲದು. ಗೋಡೆ ಒಡೆಯಲು ಮೇಸ್ತ್ರಿ ಒಪ್ಪಿದ್ದಾರೆ, ತಮ್ಮ ಒಪ್ಪಿಲ್ಲ. ಪತ್ತಾಯ ಹಟ್ಟಿಯಲ್ಲಿ ಟಾರ್ಪಾಲು ಹೊದ್ದು ನಿಂತಿದೆ.